ಪಾದ್ರೆ ನ್ವೆಸ್ತ್ರೋ: ಸ್ಪ್ಯಾನಿಷ್ ಸಭೆಯಲ್ಲಿ ಆರಾಧನೆಗೆ ಕೂರುವ ಮುನ್ನ

ಚರ್ಚಿನಿಂದ ಬೇರೆ ದೇಶಕ್ಕೆ ಸೇವೆಗೆ ಹೋಗುವ ಮಿಷನ್ ಟ್ರಿಪ್‌ನ ಕೆಲಸದ ಪಟ್ಟಿ ತೆಗೆದು ನೋಡಿ. ಸಿಮೆಂಟು ಕಲಸೋಕೆ ಒಬ್ಬರು, ಔಷಧಿ ಪೆಟ್ಟಿಗೆಗೆ ಒಬ್ಬರು, ಮಕ್ಕಳ ಆಟಕ್ಕೆ ಇಬ್ಬರು, ಎಲ್ಲಕ್ಕೂ ಹೆಸರು ಬರೆದಿರುತ್ತದೆ. ಭಾನುವಾರದ ಎದುರಿಗೆ ಮಾತ್ರ ‘ಆರಾಧನೆ, 10 ಗಂಟೆ’ ಅಂತ ಒಂದೇ ಸಾಲು. ಅದಕ್ಕೆ ಯಾರೂ ತಯಾರಿ ಮಾಡಿಕೊಂಡಿರುವುದಿಲ್ಲ. ಹೋಗಿ ಕೂತರೆ ಆಯಿತು ಅಂದುಕೊಂಡಿರುತ್ತಾರೆ, ಹೋಗಿ ಕೂತ ಮೇಲೆ ಮೂರು ಗಂಟೆ ಹೊತ್ತು ಏನೂ ಅರ್ಥವಾಗದೆ ಮುಗುಳ್ನಗುತ್ತಾ ಇರುತ್ತಾರೆ.

ನಾನೂ ಹಾಗೇ ಕೂತವನು. ಊರು ಉಡುಪಿ ಕಡೆ, ಈಗ ಇರುವುದು ಡಲ್ಲಾಸ್ ಹತ್ತಿರ, ಹೋಗುವುದು ಒಂದು ಅಮೆರಿಕನ್ ಚರ್ಚಿಗೆ. ಎರಡು ಸಲ ಗ್ವಾಟೆಮಾಲಾಕ್ಕೆ ಹೋಗಿದ್ದೇನೆ, ಚಿಮಾಲ್ತೆನಾಂಗೊ ಪ್ರಾಂತ್ಯದ ತೆಕ್ಪಾನ್ ಊರಿನ ಸುತ್ತಮುತ್ತಲಿನ ಹಳ್ಳಿಗಳಿಗೆ. ಮೊದಲ ಸಲ ಸ್ಪ್ಯಾನಿಷನ್ನು ಇಂಗ್ಲಿಷ್ ಮೂಲಕ ಕಲಿಯಲು ಹೋಗಿ ಒದ್ದಾಡಿದೆ. ಎರಡನೇ ಸಲ ಕನ್ನಡದ ಮೂಲಕ ಕಲಿತೆ, ಅರ್ಧಕ್ಕರ್ಧ ಸಲೀಸಾಯಿತು. ಈ ಲೇಖನ ಮುಖ್ಯವಾಗಿ ಅದರ ಬಗ್ಗೆ. ನೀವು ಮೆಕ್ಸಿಕೋಗೆ ಹೋಗಿ, ಹೊಂಡುರಾಸ್‌ಗೆ ಹೋಗಿ, ಹೆಚ್ಚುಕಡಿಮೆ ಎಲ್ಲ ಕಡೆ ಇದೇ ನಡೆಯುತ್ತದೆ.

ಮೊದಲು ಕಾಗದಪತ್ರ, ಆಮೇಲೆ ಪ್ರಾರ್ಥನೆ

ಇದನ್ನು ಬೇಗ ಮುಗಿಸುತ್ತೇನೆ. ಎಚ್-1ಬಿ (ಅಮೆರಿಕದ ಕೆಲಸದ ವೀಸಾ) ಮೇಲೆ ಇರುವವರು ಪಾಸ್‌ಪೋರ್ಟಿನ ವೀಸಾ ಸ್ಟಾಂಪ್ ತಾರೀಖು ನೋಡಿಕೊಳ್ಳಿ. ಸ್ಟಾಂಪ್ ಮುಗಿದಿದ್ದರೂ ಮೆಕ್ಸಿಕೋಗೆ 30 ದಿನದೊಳಗೆ ಹೋಗಿ ಬರಲು ಒಂದು ವಿನಾಯಿತಿ ಇದೆ, ಗ್ವಾಟೆಮಾಲಾಕ್ಕೆ ಅದು ಅನ್ವಯಿಸುವುದಿಲ್ಲ. ತಂಡದ ಅಮೆರಿಕನ್ನರಿಗೆ ಈ ತಲೆನೋವೇ ಇಲ್ಲದ ಕಾರಣ ಅವರು ನಿಮಗೆ ನೆನಪಿಸುವುದೂ ಇಲ್ಲ. ಆ ದೇಶದ ಒಳಗೆ ಹೋಗಲು ಭಾರತೀಯ ಪಾಸ್‌ಪೋರ್ಟಿಗೆ ಏನು ಬೇಕು ಅಂತ ಅವರ ರಾಯಭಾರ ಕಚೇರಿಯಿಂದಲೇ ಕೇಳಿಕೊಳ್ಳಿ, ಟಿಕೆಟ್ ಕೊಳ್ಳುವ ಮೊದಲು.

ಯಾರ ಸಭೆಗೆ ಹೋಗುತ್ತಿದ್ದೀರಿ?

ಗ್ವಾಟೆಮಾಲಾಕ್ಕೆ ಕ್ಯಾಥೊಲಿಕ್ ಧರ್ಮ ಬಂದದ್ದು 1524ರಲ್ಲಿ, ಸ್ಪ್ಯಾನಿಷ್ ದಂಡಿನ ಜೊತೆ. ಪ್ರೊಟೆಸ್ಟೆಂಟರು ಬಂದದ್ದು 1882ರಲ್ಲಿ, ಅಧ್ಯಕ್ಷ ಹುಸ್ತೋ ರುಫಿನೋ ಬಾರ್ರಿಯೋಸ್ ತಾನೇ ಪ್ರೆಸ್ಬಿಟೇರಿಯನ್ನರನ್ನು ಕರೆಸಿಕೊಂಡಾಗ. ಅಂದರೆ ನಿಮ್ಮ ತಂಡ ಸುವಾರ್ತೆಯನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಹೋಗುತ್ತಿಲ್ಲ. ಅಲ್ಲಿನ ಅಜ್ಜಿಯಂದಿರಿಗೆ ನಿಮಗಿಂತ ಜಾಸ್ತಿ ವಚನ ಬಾಯಿಪಾಠ ಇರುತ್ತದೆ.

ಇನ್ನೊಂದು ವಿಷಯ ನಮ್ಮ ತಂಡದಲ್ಲಿ ಯಾರಿಗೂ ಗೊತ್ತಿರಲಿಲ್ಲ. ‘ಸ್ಪ್ಯಾನಿಷ್ ಸಭೆ’ ಅಂತ ಹೋದೆವು, ಆದರೆ ಅಲ್ಲಿನ ಮುಕ್ಕಾಲು ಜನರ ಮನೆಮಾತು ಸ್ಪ್ಯಾನಿಷ್ ಅಲ್ಲ, ಕಕ್ಚಿಕೆಲ್. ಗ್ವಾಟೆಮಾಲಾದಲ್ಲಿ ಮೂಲನಿವಾಸಿಗಳಾದ ಮಾಯಾ ಜನರ ಇಪ್ಪತ್ತಕ್ಕೂ ಹೆಚ್ಚು ಭಾಷೆಗಳಿವೆ, ಇದು ಅವುಗಳಲ್ಲೊಂದು. 1917ರಲ್ಲಿ ಕ್ಯಾಮರನ್ ಟೌನ್ಸೆಂಡ್ ಅನ್ನುವ ಅಮೆರಿಕನ್ ಯುವಕ ಸ್ಪ್ಯಾನಿಷ್ ಬೈಬಲ್ ಮಾರಲು ಈ ಕಡೆಗೇ ಬಂದ. ಜನಕ್ಕೆ ಆ ಭಾಷೆ ಬರುತ್ತಿಲ್ಲ ಅಂತ ಕಂಡು ಕಕ್ಚಿಕೆಲ್ ಕಲಿತು, ಹೊಸ ಒಡಂಬಡಿಕೆಯನ್ನೇ ಅದಕ್ಕೆ ತಂದ.

ತಂಡದ ಉಳಿದವರಿಗೆ ಇದು ವಿಚಿತ್ರ ಅನಿಸಿತು. ನನಗೆ ಮಾತ್ರ ಊರಿನ ನೆನಪು ಬಂತು. ನಮ್ಮ ಮನೆಯಲ್ಲಿ ತುಳು, ಚರ್ಚಿನಲ್ಲಿ ಕನ್ನಡ. ಅಜ್ಜಿ ಜಗಳ ಆಡುತ್ತಿದ್ದದ್ದು ತುಳುವಿನಲ್ಲಿ, ಪ್ರಾರ್ಥನೆ ಮಾಡುತ್ತಿದ್ದದ್ದು ಕನ್ನಡದಲ್ಲಿ. ತೆಕ್ಪಾನ್ ಕಡೆಯವರಿಗೂ ಹಾಗೇ. ಆದ್ದರಿಂದ ಸ್ಪ್ಯಾನಿಷ್ ಜೊತೆಗೆ ಆ ಊರಿನ ಮನೆಮಾತಲ್ಲೂ ಒಂದು ಶಬ್ದ ಕಲಿತು ಹೋಗಿ. ಕಕ್ಚಿಕೆಲ್‌ನಲ್ಲಿ ಥ್ಯಾಂಕ್ಸ್‌ಗೆ ‘ಮಾತ್ಯೋಶ್’ ಅನ್ನುತ್ತಾರೆ. ಅದೊಂದು ಹೇಳಿದ್ದಕ್ಕೆ ನನಗೆ ಎರಡನೇ ಲೋಟ ಕಾಫಿ ಸಿಕ್ಕಿದೆ.

ಇಂಗ್ಲಿಷ್ ಪಕ್ಕಕ್ಕಿಡಿ, ಕನ್ನಡದಲ್ಲಿ ಬರೆದುಕೊಳ್ಳಿ

ಸ್ಪ್ಯಾನಿಷ್ ಸ್ವರಗಳು ಐದೇ: ಅ, ಎ, ಇ, ಒ, ಉ. ಬರೆದಂತೆ ಓದುವುದು. ‘ತ’ ಮತ್ತು ‘ದ’ ನಮ್ಮವೇ, ಹಲ್ಲಿಗೆ ನಾಲಿಗೆ ತಾಗಿಸಿ ಹೇಳುವಂಥವು. ನಮ್ಮ ತಂಡದ ಅಮೆರಿಕನ್ನರು ‘ಸ್ಯಾಂಟೋ’ ಅಂತ ಒದ್ದಾಡುತ್ತಿದ್ದಾಗ ನಾನು ‘ಸಾಂತೋ’ ಅಂತ ಸಲೀಸಾಗಿ ಅಂದೆ. ಇಂಗ್ಲಿಷ್ ಅಕ್ಷರದಲ್ಲಿ ಬರೆದ ಉಚ್ಚಾರಣೆ ಚೀಟಿ ಕೊಟ್ಟರೆ ತೆಗೆದುಕೊಳ್ಳಬೇಡಿ. ಸ್ಪ್ಯಾನಿಷ್ ಬಲ್ಲವರ ಹತ್ತಿರ ಹೇಳಿಸಿ, ಕಿವಿಗೆ ಬಿದ್ದದ್ದನ್ನು ಕನ್ನಡದಲ್ಲಿ ಬರೆದುಕೊಳ್ಳಿ.

ಓದುವಾಗ ಇಷ್ಟು ನೆನಪಿಟ್ಟರೆ ಸಾಕು. ಎಚ್ ಅಕ್ಷರಕ್ಕೆ ಸದ್ದಿಲ್ಲ, ಜೆ ಬಂದರೆ ‘ಹ’. ಹಾಗಾಗಿ ಯೇಸು ಅಲ್ಲಿ ‘ಹೆಸೂಸ್’. ಎರಡು ಎಲ್ ಒಟ್ಟಿಗೆ ಬಂದರೆ ‘ಯ’. ವಿ ಇದ್ದರೆ ‘ಬ’ ಅನ್ನಿ. ಎನ್ ಮೇಲೆ ಬಳ್ಳಿಯಂಥ ಗೆರೆ ಇದ್ದರೆ ಅದು ‘ಞ’. ಹೌದು, ಒಂದನೇ ಕ್ಲಾಸಿನಲ್ಲಿ ಕಲಿತು ಮತ್ತೆಂದೂ ಬಳಸದ ಅದೇ ಅಕ್ಷರ! ಕರ್ತನಿಗೆ ಅವರು ‘ಸೆಞೋರ್’ ಅನ್ನುತ್ತಾರೆ. ಕಲಿತದ್ದು ವ್ಯರ್ಥ ಆಗಲಿಲ್ಲ.

ಕೆಲವು ಶಬ್ದ ನಿಮಗೆ ಈಗಾಗಲೇ ಗೊತ್ತು. ಪೋರ್ಚುಗೀಸರು ನಮ್ಮ ಕರಾವಳಿಯಲ್ಲಿ ಬಿಟ್ಟು ಹೋದವು ಅವು, ಸ್ಪ್ಯಾನಿಷ್ ಅದರ ಅಕ್ಕತಂಗಿ ಭಾಷೆ. ನಮ್ಮ ಪಾದ್ರಿ ಅಲ್ಲಿ ‘ಪಾದ್ರೆ’, ಅಂದರೆ ತಂದೆ. ಮಂಗಳೂರು ಕಡೆಯ ಇಗರ್ಜಿ ಅಲ್ಲಿ ‘ಇಗ್ಲೇಸಿಯಾ’. ಮೇಜು ‘ಮೇಸಾ’. ಮೇಸ್ತ್ರಿ ‘ಮಾಯೆಸ್ತ್ರೋ’, ಆದರೆ ಅಲ್ಲಿ ಅವರು ಶಾಲೆ ಮೇಷ್ಟ್ರು.

ಇನ್ನು ನೀನು, ನೀವು. ಇಂಗ್ಲಿಷಿನಲ್ಲಿ ಎಲ್ಲರೂ ಒಂದೇ. ಸ್ಪ್ಯಾನಿಷಿನಲ್ಲಿ ಹಿರಿಯರಿಗೆ, ಹೊಸಬರಿಗೆ ‘ಉಸ್ತೆದ್’ ಅಂದರೆ ನೀವು. ದೇವರಿಗಾದರೆ ‘ತೂ’, ನೀನು. ನಾವೂ ಪಾಸ್ಟರಿಗೆ ನೀವು, ದೇವರಿಗೆ ನೀನು ಅನ್ನುತ್ತೇವೆ, ಅಲ್ವಾ? ಈ ಭೇದ ಅಮೆರಿಕನ್ನರಿಗೆ ವಾರಗಟ್ಟಲೆ ಹೇಳಿಕೊಡಬೇಕು, ನಿಮಗೆ ಒಂದು ನಿಮಿಷ.

ಬಾಯಿಪಾಠ ಮಾಡಬೇಕಾದದ್ದು

ಕರ್ತನ ಪ್ರಾರ್ಥನೆ, ‘ಪಾದ್ರೆ ನ್ವೆಸ್ತ್ರೋ’, ಅಂದರೆ ‘ನಮ್ಮ ತಂದೆಯೇ’. ಬೇರೇನೂ ಆಗದಿದ್ದರೂ ಇದು ಆಗಲೇಬೇಕು. ಅರ್ಧ ಕೆಳಗೆ ಕೊಟ್ಟಿದ್ದೇನೆ:

ಪಾದ್ರೆ ನ್ವೆಸ್ತ್ರೋ ಕೆ ಎಸ್ತಾಸ್ ಎನ್ ಲೋಸ್ ಸಿಯೆಲೋಸ್,
ಸಾಂತಿಫಿಕಾದೋ ಸೆಯಾ ತು ನೋಂಬ್ರೆ.
ಬೆಂಗಾ ತು ರೆಯ್ನೋ.
ಆಗಾಸೆ ತು ಬೊಲುಂತಾದ್,
ಕೋಮೋ ಎನ್ ಎಲ್ ಸಿಯೆಲೋ, ಅಸೀ ತಾಂಬಿಯೆನ್ ಎನ್ ಲಾ ತಿಯೆರ್ರಾ.
ಎಲ್ ಪಾನ್ ನ್ವೆಸ್ತ್ರೋ ದೆ ಕಾದಾ ದಿಯಾ, ದಾನೋಸ್ಲೋ ಓಯ್.

ದಿನಕ್ಕೆ ಒಂದು ಸಾಲು, ಪಾತ್ರೆ ತೊಳೆಯುವಾಗ. ಎರಡು ವಾರ ಸಾಕು.

ಆಮೇಲೆ ಇಪ್ಪತ್ತಮೂರನೇ ಕೀರ್ತನೆಯ ಮೊದಲ ವಚನ: ‘ಹೆಓಬಾ ಎಸ್ ಮಿ ಪಾಸ್ತೋರ್, ನಾದಾ ಮೆ ಫಾಲ್ತರಾ.’ ಯೆಹೋವನು ನನಗೆ ಕುರುಬನು, ಕೊರತೆಪಡೆನು. ಇಲ್ಲಿ ಒಂದು ಕ್ಷಣ ನಿಲ್ಲಿ. ಸಾಮಾನ್ಯವಾಗಿ ಇಂಗ್ಲಿಷ್ ಬೈಬಲ್‌ಗಳಲ್ಲಿ ಈ ಜಾಗದಲ್ಲಿ ಹೆಸರಿಲ್ಲ, ‘ಕರ್ತ’ ಅನ್ನುವ ಅರ್ಥದ ಶಬ್ದ ಇರುತ್ತದೆ. ನಮ್ಮ ಹಳೆಯ ಸತ್ಯವೇದದಲ್ಲಿ ಯೆಹೋವ ಅಂತಲೇ ಇದೆ, ಅವರ ಸ್ಪ್ಯಾನಿಷ್ ಬೈಬಲ್ ರೇಯ್ನಾ-ವಲೇರಾದಲ್ಲೂ ಹೆಸರೇ ಇದೆ. ಇವಾಂಜೆಲಿಕಲ್ ಸಭೆಗಳಲ್ಲಿ ಜಾಸ್ತಿ ಓದುವುದು ರೇಯ್ನಾ-ವಲೇರಾದ 1960ರ ಪರಿಷ್ಕರಣೆ, ಫೋನಿಗೆ ಹಾಕಿಕೊಂಡು ಹೋಗಿ. ಅದರ ಮೂಲ, ಕಾಸಿಯೊದೋರೋ ದೆ ರೇಯ್ನಾ ಮಾಡಿದ ಅನುವಾದ, 1569ರಲ್ಲಿ ಅಚ್ಚಾದದ್ದು ಸ್ಪೇನಿನಲ್ಲಲ್ಲ, ಸ್ವಿಟ್ಜರ್ಲೆಂಡಿನ ಬಾಸೆಲ್‌ನಲ್ಲಿ. 1834ರಲ್ಲಿ ಮಂಗಳೂರಿಗೆ ಮಿಷನ್ ಕಳಿಸಿದ್ದೂ ಅದೇ ಊರು. ನಮ್ಮ ಕಡೆಯವರಿಗೆ ಬಾಸೆಲ್ ಅಂದರೆ ಹಂಚು, ಬಟ್ಟೆ, ಅಚ್ಚುಕೂಟ. ಇದನ್ನು ಅಲ್ಲಿನ ಪಾಸ್ಟರಿಗೆ ಹೇಳಿದೆ, ಅವರು ಮಧ್ಯಾಹ್ನದವರೆಗೆ ನನ್ನನ್ನು ಬಿಡಲಿಲ್ಲ.

ಸತ್ಯವೇದದ ಪುಸ್ತಕಗಳ ಹೆಸರು ಕೂಡ ಒಮ್ಮೆ ನೋಡಿಕೊಳ್ಳಿ. ಮತ್ತಾಯ ‘ಮಾತೇಯೋ’, ಲೂಕ ‘ಲೂಕಾಸ್’, ಇವು ಊಹೆಗೆ ಸಿಗುತ್ತವೆ. ಯೋಹಾನ ‘ಹ್ವಾನ್’. ಅಪೊಸ್ತಲರ ಕೃತ್ಯಗಳು ‘ಎಚೋಸ್’. ಪ್ರಕಟನೆ ‘ಅಪೊಕಾಲಿಪ್ಸಿಸ್’. ಸಿಕ್ಕಿಬೀಳುವುದು ‘ಸಾಂತಿಯಾಗೋ’ಗೆ. ಮೊದಲ ಭಾನುವಾರ ಪಾಸ್ಟರ್ ‘ಸಾಂತಿಯಾಗೋ ಉನೋ’ ಅಂದಾಗ ನಾನು ಚಿಲಿ ದೇಶದ ಊರಿನ ವಿಷಯ ಅಂತ ತಿಳಿದು ತಲೆ ಆಡಿಸುತ್ತಾ ಕೂತಿದ್ದೆ. ಸಭೆಯೆಲ್ಲ ಯಾಕೋಬನ ಪತ್ರ ಒಂದನೇ ಅಧ್ಯಾಯ ತೆಗೆದು ಕಾಯುತ್ತಿತ್ತು. ಸಂತ ಯಾಕೋಬ ಅನ್ನುವುದೇ ಸವೆದು ಸಾಂತಿಯಾಗೋ ಆಗಿದೆ. ಅಂಕಿಗಳನ್ನು ಮೂವತ್ತರವರೆಗೆ ಕಲಿತರೆ ಬಹುಪಾಲು ಅಧ್ಯಾಯ, ವಚನ ಹಿಡಿಯಬಹುದು.

ಇಷ್ಟಾದ ಮೇಲೆ ಹೊರಡುವ ಮೊದಲು ನಿಮ್ಮ ಊರಿನಲ್ಲೇ ಒಂದು ಸ್ಪ್ಯಾನಿಷ್ ಆರಾಧನೆಗೆ ಹೋಗಿ ಕೂತು ಬನ್ನಿ. ಡಲ್ಲಾಸ್, ಹ್ಯೂಸ್ಟನ್, ನ್ಯೂಜೆರ್ಸಿ, ಎಲ್ಲಿ ನೋಡಿದರೂ ಇವೆ. ಎಷ್ಟೋ ಸಲ ನಿಮ್ಮ ಚರ್ಚಿನ ಕಟ್ಟಡದಲ್ಲೇ ಮಧ್ಯಾಹ್ನ ನಡೆಯುತ್ತಿರುತ್ತದೆ, ನೀವು ನೋಡಿರುವುದಿಲ್ಲ. ಸಾವಿರಕ್ಕೂ ಹೆಚ್ಚು ಮೈಲಿ ಹಾರುವ ಮೊದಲು ಪಕ್ಕದ ಕೋಣೆಗೆ ಹೋಗಿ ಬರುವುದು ಒಳ್ಳೆಯದು.

ಭಾನುವಾರ ಬೆಳಗ್ಗೆ

ತೆಕ್ಪಾನ್ ಸಮುದ್ರಮಟ್ಟದಿಂದ ಸುಮಾರು 2,300 ಮೀಟರ್ ಎತ್ತರದಲ್ಲಿದೆ. ಬೆಳಗ್ಗೆ ಚಳಿ, ಸ್ವೆಟರ್ ಬೇಕು. ಬಟ್ಟೆ ವಿಷಯದಲ್ಲಿ ನಮ್ಮ ಹಳ್ಳಿ ಚರ್ಚಿಗೆ ಹೋಗುವಂತೆ ಹೋಗಿ: ಗಂಡಸರು ಪ್ಯಾಂಟು, ಕಾಲರ್ ಇರುವ ಅಂಗಿ. ಹೆಂಗಸರು ಉದ್ದ ಲಂಗ ಅಥವಾ ಚೂಡಿದಾರ್. ಕೆಲವು ಸಭೆಗಳಲ್ಲಿ ಹೆಂಗಸರು ತಲೆಗೆ ಬಟ್ಟೆ ಹಾಕುತ್ತಾರೆ, ಗಂಡಸರು ಒಂದು ಕಡೆ ಹೆಂಗಸರು ಒಂದು ಕಡೆ ಕೂರುತ್ತಾರೆ. ಬಾಗಿಲಲ್ಲಿ ಒಂದು ಕ್ಷಣ ನಿಂತು ನೋಡಿ, ಹಾಗೆ ಕೂತುಕೊಳ್ಳಿ. ದುಪಟ್ಟಾ ಇದ್ದರೆ ಚಳಿಗೂ ಆಗುತ್ತದೆ, ತಲೆಗೂ ಆಗುತ್ತದೆ. ತಂಡದವರೆಲ್ಲ ಒಂದೇ ಬಣ್ಣದ ಟೀಶರ್ಟ್ ಹಾಕಿಕೊಂಡು ಒಂದೇ ಬೆಂಚಿನಲ್ಲಿ ಸಾಲಾಗಿ ಕೂರುವುದು ನನಗೆ ಸುತಾರಾಂ ಇಷ್ಟವಿಲ್ಲ. ಚದುರಿ ಕೂತರೆ ಪಕ್ಕದವರು ಪಾಠ ತೆಗೆದು ತೋರಿಸುತ್ತಾರೆ, ಹಾಡಿನ ಪುಸ್ತಕ ಹಂಚಿಕೊಳ್ಳುತ್ತಾರೆ.

ಒಳಗೆ ಹೋಗುತ್ತಲೇ ‘ದಿಯೋಸ್ ಲೆ ಬೆಂದಿಗಾ, ಎರ್ಮಾನೋ’. ದೇವರು ನಿಮ್ಮನ್ನು ಆಶೀರ್ವದಿಸಲಿ, ಸಹೋದರರೇ. ಹೆಂಗಸರಿಗೆ ‘ಎರ್ಮಾನಾ’. ಅವರು ಮೊದಲು ಹೇಳಿದರೆ ನೀವು ‘ಆಮೆನ್’ ಅಂದರೂ ಸಾಕು. ಕೈ ಕುಲುಕುವಾಗ ಮೆತ್ತಗೆ, ಅಮೆರಿಕನ್ ಇಂಟರ್‌ವ್ಯೂ ಥರ ಬೇಡ.

ಯಾವ ದೇಶ ಅಂತ ಕೇಳೇ ಕೇಳುತ್ತಾರೆ. ‘ಸೊಯ್ ದೆ ಲಾ ಇಂದಿಯಾ’, ನಾನು ಭಾರತದವನು, ಅಷ್ಟೇ ಹೇಳಿ. ‘ಇಂದಿಯೋ’ ಅಂತ ಮಾತ್ರ ಹೇಳಬೇಡಿ. ಗ್ವಾಟೆಮಾಲಾದಲ್ಲಿ ಅದು ಮಾಯಾ ಜನರನ್ನು ಹೀಯಾಳಿಸಲು ಬಳಸುವ ಬೈಗುಳ. ಅವರು ತಿರುಗಿ ‘ಆ, ಇಂದೂ!’ (ಹಿಂದೂ) ಅಂದರೆ ಗಾಬರಿ ಬೇಡ. ಲ್ಯಾಟಿನ್ ಅಮೆರಿಕದಲ್ಲಿ ಭಾರತದವರಿಗೆಲ್ಲ ಆ ಶಬ್ದ ಬಳಸುತ್ತಾರೆ, ಧರ್ಮ ಯಾವುದಾದರೂ ಸರಿ. ‘ಅಲ್ಲ ಅಲ್ಲ, ನಾನು ಕ್ರೈಸ್ತ’ ಅಂತ ಗಂಭೀರವಾಗಿ ವಿವರಿಸಲು ಹೋಗಿ ನಾನು ಐದು ನಿಮಿಷ ಹಾಳು ಮಾಡಿದ್ದೇನೆ.

ಆರಾಧನೆ ಶುರುವಾದ ಮೇಲೆ

ಆರಾಧನೆಗೆ ಅವರ ಶಬ್ದ ‘ಕುಲ್ತೋ’. ಎರಡರಿಂದ ಮೂರು ಗಂಟೆ ಇರುತ್ತದೆ. ನೀರು ಕುಡಿದು, ಹೊಟ್ಟೆಗೆ ಸ್ವಲ್ಪ ಹಾಕಿಕೊಂಡು ಹೋಗಿ. ನಲ್ಲಿ ನೀರು ಬೇಡ, ಬಾಟಲಿಯದ್ದೇ ಕುಡಿಯಿರಿ.

‘ಪೊಂಗಾನ್ಸೆ ದೆ ಪಿಯೆ’ ಅಂದರೆ ಎದ್ದು ನಿಲ್ಲಿ. ‘ಪ್ವೆದೆನ್ ಸೆಂತಾರ್ಸೆ’ ಅಂದರೆ ಕೂರಬಹುದು. ‘ಒರೇಮೋಸ್’ ಅಂದರೆ ಪ್ರಾರ್ಥಿಸೋಣ. ಈ ಮೂರು ಗೊತ್ತಿದ್ದರೆ ತಪ್ಪು ಜಾಗದಲ್ಲಿ ಒಬ್ಬರೇ ನಿಂತುಕೊಳ್ಳುವ ಅವಮಾನ ತಪ್ಪುತ್ತದೆ.

ಹಾಡುಗಳಲ್ಲಿ ‘ಕೊರೀತೋ’ ಅನ್ನುವ ಚಿಕ್ಕ ಹಾಡುಗಳು ಜಾಸ್ತಿ. ಎರಡು ನಾಲ್ಕು ಸಾಲು, ಮತ್ತೆ ಮತ್ತೆ ಬರುತ್ತವೆ, ಒಂದರ ಬಾಲ ಹಿಡಿದು ಇನ್ನೊಂದು. ನಮ್ಮ ಭಜನೆಯಲ್ಲಿ ಆಗುವಂತೆ ವೇಗ ಏರುತ್ತಾ ಹೋಗುತ್ತದೆ, ಕೈತಾಳ ಇರುತ್ತದೆ. ಮೂರನೇ ಸುತ್ತಿಗೆ ನಿಮಗೂ ಬರುತ್ತದೆ, ಬಾಯಿ ಮುಚ್ಚಿಕೊಂಡು ನಿಲ್ಲಬೇಡಿ. ಸ್ಪೀಕರ್ ಸದ್ದು ಭಯಂಕರ. ಸಣ್ಣ ಮಕ್ಕಳಿದ್ದರೆ ಡಬ್ಬದಿಂದ ದೂರ ಕೂರಿಸಿ.

ಪ್ರಾರ್ಥನೆಯಲ್ಲಿ ಎಲ್ಲರೂ ಒಟ್ಟಿಗೆ, ಜೋರಾಗಿ, ತಂತಮ್ಮ ಮಾತಿನಲ್ಲಿ ಪ್ರಾರ್ಥಿಸುವ ಸಮಯ ಬರುತ್ತದೆ. ತಂಡದ ಅಮೆರಿಕನ್ನರು ಏನಾಯಿತು ಅಂತ ಕಣ್ಣು ಬಿಟ್ಟು ನೋಡುತ್ತಿದ್ದರು. ನಮ್ಮಲ್ಲಿ ಉಪವಾಸ ಪ್ರಾರ್ಥನೆಗೆ ಹೋದವರಿಗೆ ಇದು ಹೊಸದಲ್ಲ. ಆ ಹೊತ್ತಿನಲ್ಲಿ ನಾನು ಕನ್ನಡದಲ್ಲಿ ಪ್ರಾರ್ಥಿಸಿದೆ. ಡಲ್ಲಾಸಿನ ಚರ್ಚಿನಲ್ಲಿ ವರ್ಷಗಟ್ಟಲೆ ಇಂಗ್ಲಿಷಿನಲ್ಲಿ ಮೆತ್ತಗೆ ಪ್ರಾರ್ಥಿಸಿದ ಮೇಲೆ, ಯಾರಿಗೂ ಕನ್ನಡ ಬಾರದ ಆ ಕೋಣೆಯಲ್ಲಿ ಗಂಟಲು ಬಿಟ್ಟು ಪ್ರಾರ್ಥಿಸಿದಾಗ ಅತ್ತೇ ಬಿಟ್ಟೆ. ಪಕ್ಕದಲ್ಲಿದ್ದ ಅಜ್ಜಿ ಕಕ್ಚಿಕೆಲ್‌ನಲ್ಲಿ ಏನೋ ಹೇಳುತ್ತಾ ಬೆನ್ನ ಮೇಲೆ ಕೈ ಇಟ್ಟರು.

ಜೂನ್, ಜುಲೈ, ಆಗಸ್ಟ್‌ನಲ್ಲಿ ಹೋದರೆ ಮಳೆಗಾಲ. ಮಧ್ಯಾಹ್ನದ ಮಳೆ ತಗಡಿನ ಮಾಡಿನ ಮೇಲೆ ಬಿದ್ದರೆ ಪ್ರಸಂಗ ಕೇಳುವುದಿಲ್ಲ. ಪಾಸ್ಟರ್ ನಿಲ್ಲಿಸುತ್ತಾರೆ, ಜನ ಹಾಡು ಶುರು ಮಾಡುತ್ತಾರೆ. ಗಡಿಯಾರ ನೋಡಬೇಡಿ.

ನಿಮ್ಮನ್ನು ಮುಂದೆ ಕರೆದಾಗ

ಕರೆದೇ ಕರೆಯುತ್ತಾರೆ. ಅತಿಥಿಗಳು ತಮ್ಮ ಸಭೆಯ ವಂದನೆ ತಂದು ಒಪ್ಪಿಸುವುದು ಅಲ್ಲಿನ ವಾಡಿಕೆ. ಎರಡು ವಾಕ್ಯ ಸಾಕು: ‘ತ್ರಾಯೇಮೋಸ್ ಸಾಲುದೋಸ್ ದೆ ನ್ವೆಸ್ತ್ರಾ ಇಗ್ಲೇಸಿಯಾ. ಗ್ರಾಸಿಯಾಸ್ ಪೋರ್ ರೆಸಿಬೀರ್ನೋಸ್.’ ನಮ್ಮ ಸಭೆಯ ವಂದನೆ ತಂದಿದ್ದೇವೆ, ನಮ್ಮನ್ನು ಬರಮಾಡಿಕೊಂಡಿದ್ದಕ್ಕೆ ಧನ್ಯವಾದ. ಮೈಕ್ ವಾಪಸ್ ಕೊಡಿ.

ಮೊದಲ ಟ್ರಿಪ್ಪಿನಲ್ಲಿ ನಾವು ಈ ತಪ್ಪು ಮಾಡಿದೆವು: ಬೊಂಬೆಯಾಟ, ನಾಟಕ, ನಾಲ್ಕು ಸಾಕ್ಷಿ, ಎರಡು ಇಂಗ್ಲಿಷ್ ಹಾಡು, ಒಟ್ಟು ಒಂದು ಗಂಟೆ ಇಪ್ಪತ್ತು ನಿಮಿಷ. ಅವತ್ತು ಹಾಡಲು ತಿಂಗಳಿಂದ ಅಭ್ಯಾಸ ಮಾಡಿದ್ದ ಅವರ ಯುವಕರ ಗುಂಪಿಗೆ ಸಮಯವೇ ಉಳಿಯಲಿಲ್ಲ. ಯಾರೂ ಏನೂ ಅನ್ನಲಿಲ್ಲ, ಊಟ ಹಾಕಿ ಕಳಿಸಿದರು. ವಾಪಸ್ ಬರುವ ವ್ಯಾನಿನಲ್ಲಿ ಡ್ರೈವರ್ ಹೇಳಿದ್ದರಿಂದ ನಮಗೆ ಗೊತ್ತಾಯಿತು. ಹೊರಡುವ ಮೊದಲೇ ಪಾಸ್ಟರನ್ನು ಕೇಳಿ: ನಮ್ಮಿಂದ ಏನಾದರೂ ಬೇಕಾ, ಎಷ್ಟು ನಿಮಿಷ? ಹತ್ತು ಅಂದರೆ ಎಂಟಕ್ಕೆ ಮುಗಿಸಿ.

ಹಾಡಲು ಕೇಳಿದರೆ ಕನ್ನಡದ್ದು ಹಾಡಿ. ಇಂಗ್ಲಿಷ್ ಹಾಡು ಅವರು ಬೇಕಾದಷ್ಟು ಕೇಳಿದ್ದಾರೆ. ಪಲ್ಲವಿ ಚಿಕ್ಕದಿರಲಿ, ತಾಳ ಹಾಕುವಂತಿರಲಿ, ಅರ್ಥವನ್ನು ಒಂದು ವಾಕ್ಯದಲ್ಲಿ ಮೊದಲೇ ಹೇಳಿಸಿ. ಎರಡನೇ ಸಲ ಬರುವಷ್ಟರಲ್ಲಿ ಅವರೂ ಹಾಡುತ್ತಾರೆ, ನಮಗಿಂತ ಸ್ಪಷ್ಟವಾಗಿ.

ಪ್ರಸಂಗ ಮಾಡಬೇಕಾಗಿ ಬಂದರೆ ದುಭಾಷಿಯ ಜೊತೆ ಹಿಂದಿನ ರಾತ್ರಿ ಅರ್ಧ ಗಂಟೆ ಕೂರಿ. ವಚನಗಳ ಪಟ್ಟಿ ಕೊಡಿ. ಇಪ್ಪತ್ತು ನಿಮಿಷ ಸಿಕ್ಕಿದೆ ಅಂದರೆ ನಿಮ್ಮ ಮಾತು ಹತ್ತೇ ನಿಮಿಷ, ಕಕ್ಚಿಕೆಲ್‌ಗೂ ತಿರುಗಿಸುವವರಿದ್ದರೆ ಏಳು. ಒಂದೊಂದು ವಾಕ್ಯ ಪೂರ್ತಿ ಮುಗಿಸಿ ನಿಲ್ಲಿ. ‘ಏಕೆಂದರೆ’ ಅಂತ ಅರ್ಧಕ್ಕೆ ಬಿಟ್ಟರೆ ಅವರೇನು ಮಾಡಬೇಕು, ಪಾಪ! ಜೋಕ್ ಬೇಡ. ದುಭಾಷಿ ‘ಇವರು ಒಂದು ಜೋಕ್ ಹೇಳಿದರು, ದಯವಿಟ್ಟು ನಗಿ’ ಅಂತ ಸ್ಪ್ಯಾನಿಷಿನಲ್ಲಿ ಹೇಳಿದ್ದನ್ನು ನಾನು ಆಮೇಲೆ ತಿಳಿದುಕೊಂಡೆ.

ಕಾಣಿಕೆ, ಭೋಜನ, ಫೋಟೋ

ಕಾಣಿಕೆಗೆ ‘ಒಫ್ರೆಂದಾ’ ಅನ್ನುತ್ತಾರೆ. ಸ್ಥಳೀಯ ಹಣ ಕೆತ್ಸಾಲ್‌ನಲ್ಲೇ ಹಾಕಿ, ಪಕ್ಕದವರು ಹಾಕುವಷ್ಟು. ಚೀಲದ ಮೇಲೆ ನೂರು ಡಾಲರ್ ನೋಟು ಎದ್ದು ಕಾಣುವಂತೆ ಹಾಕಿದರೆ ಹಿಂದಿನ ಬೆಂಚಿನ ಅಜ್ಜಿಯ ಚಿಲ್ಲರೆಗೆ ಬೆಲೆ ಇಲ್ಲದಂತೆ ಆಗುತ್ತದೆ. ದೊಡ್ಡ ಮೊತ್ತ ಕೊಡುವುದಿದ್ದರೆ ಚರ್ಚಿನಿಂದ ಚರ್ಚಿಗೆ, ಪಾಸ್ಟರ್ ಮತ್ತು ಹಿರಿಯರು ಇಬ್ಬರ ಎದುರು. ವಿಶೇಷವಾಗಿ ಯಾರಾದರೂ ಒಬ್ಬರಿಗೆ ಗುಟ್ಟಾಗಿ ಹಣ ಕೊಟ್ಟು ಬರಬೇಡಿ, ನೀವು ಹೋದ ಮೇಲೆ ಜಗಳ ಅವರಿಗೆ.

ಕರ್ತನ ಭೋಜನಕ್ಕೆ ‘ಸಾಂತಾ ಸೆನಾ’. ಯಾರು ತೆಗೆದುಕೊಳ್ಳಬಹುದು ಅನ್ನುವುದು ಸಭೆಯಿಂದ ಸಭೆಗೆ ಬೇರೆ. ಮೊದಲೇ ಕೇಳಿ, ಬೇಡ ಅಂದರೆ ಬೇಸರ ಬೇಡ. ಕ್ಯಾಥೊಲಿಕ್ ತಂಡದಲ್ಲಿ ಹೋಗುವವರಿಗೆ ಇದೆಲ್ಲ ಸುಲಭ, ಬಲಿಪೂಜೆಯ ಕ್ರಮ ಮಂಗಳೂರಿನದ್ದೇ. ‘ಎಲ್ ಸೆಞೋರ್ ಎಸ್ತೇ ಕೋನ್ ಉಸ್ತೇದೆಸ್’ ಅಂದಾಗ ‘ಇ ಕೋನ್ ತು ಎಸ್ಪಿರಿತು’ ಅನ್ನಿ. ಶಾಂತಿ ಹಂಚುವಾಗ ‘ಲಾ ಪಾಸ್’.

ಪ್ರಾರ್ಥನೆ ಮಾಡುತ್ತಿರುವವರ, ಅಳುತ್ತಿರುವವರ ಫೋಟೋ ತೆಗೆಯಬೇಡಿ. ಮಕ್ಕಳದ್ದು ತಾಯಿಯನ್ನು ಕೇಳಿ. ನಮ್ಮ ಊರಿನ ಚರ್ಚಿಗೆ ವಿದೇಶಿಯರು ಬಂದಾಗ ಅಜ್ಜಿಯ ಸೀರೆ, ಮಲ್ಲಿಗೆ ಎಲ್ಲದರ ಫೋಟೋ ತೆಗೆಯುತ್ತಿದ್ದರು. ಆ ಫೋಟೋ ಎಲ್ಲಿ ಹೋದವೋ ನಮಗೆ ಇವತ್ತಿಗೂ ಗೊತ್ತಿಲ್ಲ. ನೀವು ತೆಗೆದರೆ ಅವರಿಗೂ ಕಳಿಸಿ.

ಊಟ

ಆರಾಧನೆ ಮುಗಿದ ಮೇಲೆ ಊಟಕ್ಕೆ ನಿಲ್ಲಿ, ಬಸ್ಸಿಗೆ ಓಡಬೇಡಿ. ಎಲೆಯಲ್ಲಿ ಸುತ್ತಿ ಬೇಯಿಸಿದ ತಮಾಲ್ ಕೊಡುತ್ತಾರೆ. ಮೂಡೆ, ಪತ್ತೋಳಿ ತಿಂದು ಬೆಳೆದವರು ಎಲೆ ಬಿಡಿಸುವುದನ್ನು ಯಾರಿಂದಲೂ ಕಲಿಯಬೇಕಿಲ್ಲ. ಒಳಗೆ ಹಂದಿ ಅಥವಾ ಕೋಳಿ ಇರುತ್ತದೆ, ಮಾಂಸ ತಿನ್ನದವರು ಹಿಂದಿನ ದಿನವೇ ತಿಳಿಸಿ. ಊಟ ಮುಗಿಸಿ ಏಳುವಾಗ ಎಲ್ಲರಿಗೂ ‘ಮೂಚಾಸ್ ಗ್ರಾಸಿಯಾಸ್’ ಅನ್ನಬೇಕು, ಕೂತವರು ‘ಬ್ವೇನ್ ಪ್ರೊಬೇಚೋ’ ಅನ್ನುತ್ತಾರೆ. ಸುಮ್ನೆ ಎದ್ದು ಹೋದರೆ ಒರಟುತನ. ತಟ್ಟೆ ತೊಳೆಯಲು ಹೋಗಿ, ಬಿಡುವುದಿಲ್ಲ, ಆದರೂ ಹೋಗಿ. ಅಡುಗೆಮನೆಯಲ್ಲಿ ನಾನು ಕಲಿತಷ್ಟು ಸ್ಪ್ಯಾನಿಷ್ ಆ್ಯಪ್‌ನಲ್ಲಿ ಕಲಿಯಲಿಲ್ಲ.

ವಾಪಸ್ ಬಂದ ಮೇಲೆ

‘ಮುಂದಿನ ವರ್ಷ ಖಂಡಿತ ಬರುತ್ತೇವೆ’ ಅಂತ ಬೀಳ್ಕೊಡುವ ದಿನ ಮಾತು ಕೊಡಬೇಡಿ. ಅವರು ನೆನಪಿಟ್ಟುಕೊಳ್ಳುತ್ತಾರೆ. ಹೆಸರುಗಳನ್ನು ಅದೇ ರಾತ್ರಿ ಕನ್ನಡದಲ್ಲಿ ಬರೆದಿಡಿ, ಒಂದು ವಾರ ಕಳೆದರೆ ಮರೆತು ಹೋಗುತ್ತವೆ. ಅಲ್ಲಿ ಎಲ್ಲರ ಹತ್ತಿರವೂ ವಾಟ್ಸ್‌ಆ್ಯಪ್ ಇದೆ. ಓದು ಬರಹ ಕಷ್ಟ ಇರುವ ಹಿರಿಯರು ವಾಯ್ಸ್ ಮೆಸೇಜ್ ಕಳಿಸುತ್ತಾರೆ, ಎರಡು ಮೂರು ನಿಮಿಷದ್ದು, ಹಿಂದೆ ಕೋಳಿ ಕೂಗು, ಮಳೆ. ಅನುವಾದ ಮಾಡಿಸಿ ಟೈಪ್ ಮಾಡಿದ ಉತ್ತರ ಕಳಿಸಬೇಡಿ. ನೀವೂ ಮಾತಾಡಿ ಕಳಿಸಿ: ಹೆಸರು ಹಿಡಿದು ‘ದಿಯೋಸ್ ಲೆ ಬೆಂದಿಗಾ, ಎರ್ಮಾನಾ’ ಅನ್ನಿ, ಕಲಿತ ಪ್ರಾರ್ಥನೆಯ ಎರಡು ಸಾಲು ಹೇಳಿ, ತಪ್ಪಾದರೂ ಪರವಾಗಿಲ್ಲ. ತೆಕ್ಪಾನ್ ಕಡೆಯ ನಮ್ಮ ಅಜ್ಜಿ ನನ್ನ ತಪ್ಪು ತಿದ್ದಿ ವಾಪಸ್ ಕಳಿಸುತ್ತಾರೆ. ಈಗ ಏಳನೇ ಸಾಲಿಗೆ ಬಂದಿದ್ದೇವೆ.